ಸೈಗಾನ್: ಒಬ್ಬರೇ ಹೋಗುವವರಿಗೆ ಹೇಗಿದೆ ಈ ಊರು?

ತುಂಗಾತೀರ

ಒಬ್ಬರೇ ಊರು ಸುತ್ತುವವರಿಗೆ ನಿಜವಾದ ಕಷ್ಟ ಶುರುವಾಗುವುದು ಊಟದ ಹೊತ್ತಿಗೆ. ನಾಲ್ಕು ಕುರ್ಚಿಯ ಟೇಬಲ್ಲಿನಲ್ಲಿ ಒಬ್ಬರೇ ಹೋಗಿ ಕೂತರೆ ಸಪ್ಲೈಯರ್ ಬಂದು "ಇನ್ನೂ ಯಾರಾದರೂ ಬರೋರಿದ್ದಾರಾ?" ಅಂತ ಕೇಳುತ್ತಾನೆ. ಹೆಂಗಸಾದರೆ ಇನ್ನೊಂದು ಸಲ ತಿರುಗಿ ನೋಡುತ್ತಾನೆ. ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಯಲ್ಲಿ ನನಗೆ ಆ ಪ್ರಶ್ನೆ ಎದುರಾಗಲೇ ಇಲ್ಲ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು. 1976ರಲ್ಲಿ ಊರಿನ ಹೆಸರು ಬದಲಾದರೂ ಅಲ್ಲಿನವರ ಬಾಯಲ್ಲಿ ಇವತ್ತಿಗೂ ಸೈಗಾನ್ ಅಂತಲೇ ಬರುತ್ತದೆ. ನಾನೂ ಹಾಗೇ ಬರೆಯುತ್ತೇನೆ.

ಈ ಊರು ಬದುಕುವುದು ಫುಟ್‌ಪಾತಿನ ಮೇಲೆ. ಒಳಗೆ ಅಡುಗೆ, ಹೊರಗೆ ಊಟ. ಮೊಣಕಾಲಿನ ಎತ್ತರವೂ ಇಲ್ಲದ ಪ್ಲಾಸ್ಟಿಕ್ ಸ್ಟೂಲುಗಳನ್ನು ಒಂದರೊಳಗೊಂದು ಪೇರಿಸಿ ಗೋಡೆಗೆ ಒರಗಿಸಿಟ್ಟಿರುತ್ತಾರೆ. ನಾಲ್ವರು ಬಂದರೆ ನಾಲ್ಕು ಎಳೆದು ಹಾಕುತ್ತಾರೆ, ಒಬ್ಬರು ಬಂದರೆ ಒಂದು. ಇನ್ನೊಂದು ಸ್ಟೂಲನ್ನೇ ಮುಂದೆ ಇಟ್ಟು ಅದರ ಮೇಲೆ ಲೋಟ ಇಡುತ್ತಾರೆ. ಎದುರಿಗೆ ಖಾಲಿ ಕುರ್ಚಿ ಇರುವುದೇ ಇಲ್ಲ.

ಕಾಫಿಯೂ ಅಷ್ಟೇ. ಗಾಜಿನ ಲೋಟದ ತಳದಲ್ಲಿ ಒಂದು ಬೆರಳು ದಪ್ಪ ಕಂಡೆನ್ಸ್ಡ್ ಮಿಲ್ಕ್. ಲೋಟದ ಬಾಯಿಯ ಮೇಲೆ ಫಿನ್ ಅನ್ನುವ ಪುಟ್ಟ ಫಿಲ್ಟರು. ಅದಕ್ಕೆ ಪುಡಿ ಹಾಕಿ, ತೂತಿನ ಬಿಲ್ಲೆಯಿಂದ ಒತ್ತಿ, ಬಿಸಿನೀರು ಹೊಯ್ದು ಮುಚ್ಚಳ ಮುಚ್ಚುತ್ತಾರೆ. ಡಿಕಾಕ್ಷನ್ ಒಂದೊಂದೇ ಹನಿ ಇಳಿಯುತ್ತದೆ. ಬಿಳಿ ಹಾಲಿನ ಮೇಲೆ ಕಪ್ಪು ಪದರ ಕಟ್ಟುತ್ತಾ ಹೋಗುವುದನ್ನು ನೋಡುತ್ತಾ ಸುಮ್ನೆ ಕೂರಬೇಕು. ಇಳಿದು ಮುಗಿದ ಮೇಲೆ ಚೆನ್ನಾಗಿ ಕಲಕಿ, ಐಸ್ ತುಂಬಿದ ಲೋಟಕ್ಕೆ ಸುರಿದುಕೊಳ್ಳುವುದು. ನಮ್ಮ ಮನೆಯ ಫಿಲ್ಟರು ಮನೆಮಂದಿಗೆಲ್ಲ ಆಗುವಷ್ಟು ಇಳಿಸುತ್ತದೆ. ಫಿನ್ ಇಳಿಸುವುದು ಒಂದು ಲೋಟ, ಒಬ್ಬರಿಗೆ.

ಹೀಗೆ ನೋಡುತ್ತಾ ಹೋದರೆ ಅಲ್ಲಿ ಎಲ್ಲವೂ ಒಬ್ಬರ ಅಳತೆಗೆ ಸಿಗುತ್ತದೆ. ಊಟ ಅಂದರೆ ಒಂದು ತಟ್ಟೆ ಅನ್ನ, ಅದರ ಮೇಲೇ ಪಲ್ಯ. ಬಾನ್ ಮಿ ಅಂದರೆ ಒಂದು ಉದ್ದ ಬ್ರೆಡ್ಡು, ಸೀಳಿ ತುಂಬಿಸಿ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಡುತ್ತಾರೆ. ಆ್ಯಪಿನಲ್ಲಿ ಬೈಕ್ ಕರೆದರೆ ಹಿಂದಿನ ಸೀಟು ಒಬ್ಬರಿಗೆ, ಹೆಲ್ಮೆಟ್ಟೂ ಸವಾರನೇ ಕೊಡುತ್ತಾನೆ. ಗುಂಪಿನಲ್ಲಿ ಹೋದವರಿಗೆ ಈ ಊರು ಬರೀ ಗದ್ದಲ ಅನ್ನಿಸಬಹುದು. ಒಬ್ಬರೇ ಹೋದವರಿಗೆ ಅಲ್ಲಿ ಒಂಟಿ ಅನ್ನಿಸುವುದೇ ಇಲ್ಲ.

ಗದ್ದಲ ಅಂದೆನಲ್ಲ, ಅದೂ ನಿಜವೇ. ಈ ಊರಲ್ಲಿ 70 ಲಕ್ಷಕ್ಕೂ ಜಾಸ್ತಿ ಬೈಕು, ಸ್ಕೂಟರ್ ಇವೆ. ಸಿಗ್ನಲ್ ಇಲ್ಲದ ಕಡೆ ರಸ್ತೆ ದಾಟಬೇಕಾದರೆ ನಿಧಾನಕ್ಕೆ, ಒಂದೇ ವೇಗದಲ್ಲಿ ನಡೆಯಬೇಕು. ಓಡಬಾರದು, ನಡುವೆ ನಿಲ್ಲಬಾರದು, ಹಿಂದಕ್ಕೆ ಹೆಜ್ಜೆ ಇಡಲೇಬಾರದು. ಸವಾರರು ನಿಮ್ಮ ನಡಿಗೆ ನೋಡಿಕೊಂಡು ಮುಂದಿನಿಂದಲೋ ಹಿಂದಿನಿಂದಲೋ ಹಾದುಹೋಗುತ್ತಾರೆ. ಬಸ್ಸು, ಕಾರು ಬಂದರೆ ಮಾತ್ರ ಈ ಲೆಕ್ಕ ನಡೆಯಲ್ಲ, ಅವು ಹೋಗುವ ತನಕ ಕಾಯಬೇಕು. ಬೆನ್ ಥಾನ್ ಮಾರ್ಕೆಟ್ ಹತ್ತಿರ ನಾನು ನಿಂತಿದ್ದಾಗ ಸೊಪ್ಪಿನ ಚೀಲ ಹಿಡಿದ ಒಬ್ಬ ಅಜ್ಜಿ ಬಂದು ನನ್ನ ಮೊಣಕೈ ಹಿಡಿದು ಆಚೆ ದಾಟಿಸಿದರು. ಒಂದು ಮಾತೂ ಇಲ್ಲ. ಆ ಕಡೆ ಮುಟ್ಟಿದ ಕೂಡಲೇ ಕೈ ಬಿಟ್ಟು ತಮ್ಮ ಪಾಡಿಗೆ ನಡೆದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಣ್ಣ ವಿಷಯ. ಎಷ್ಟೋ ಮನೆ, ಅಂಗಡಿಗಳ ಮುಂದೆ ತಣ್ಣನೆ ಟೀ ತುಂಬಿದ ನಲ್ಲಿ ಡಬ್ಬ, ಪಕ್ಕದಲ್ಲಿ ಸರಪಳಿ ಹಾಕಿದ ಒಂದು ಸ್ಟೀಲ್ ಲೋಟ. ಮೇಲೆ ಪುಕ್ಕಟೆ ಅಂತ ಬರೆದಿರುತ್ತದೆ. ಬೈಕ್ ಟ್ಯಾಕ್ಸಿಯವರು, ಲಾಟರಿ ಮಾರುವವರು, ಗುಜರಿ ಆಯುವವರು ಬಂದು ಕುಡಿದು ಹೋಗುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಇಡುವ ಅರವಟ್ಟಿಗೆಯೇ ಅದು, ಅಲ್ಲಿ ಮಾತ್ರ ವರ್ಷಪೂರ್ತಿ. ಯಾರು ಇಟ್ಟಿದ್ದು ಅನ್ನುವ ಬೋರ್ಡು ಎಲ್ಲೂ ಕಾಣಲಿಲ್ಲ.

ಹೋಗಿ ಬಂದವರು, ಅಲ್ಲಿ ಇದ್ದವರು ನಿಮಗೆ ಕಂಡಿದ್ದನ್ನೂ ಬರೆಯಿರಿ. ಹೋಗುವವರು ಏನು ಬೇಕಾದರೂ ಕೇಳಿ.

ಮೂಡಿಗೆರೆ ಎಸ್ಟೇಟ್

ಕಾಫಿ ಬೆಳೆಯುವವನಾಗಿ ಎರಡು ಮಾತು. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಜಾಸ್ತಿ ಕಾಫಿ ಬೆಳೆಯುವುದು ವಿಯೆಟ್ನಾಂ. ಅದರಲ್ಲೂ ಬಹುಪಾಲು ರೊಬಸ್ಟಾ. ಬೂನ್ ಮಾ ತ್ವೊತ್ ಸುತ್ತಮುತ್ತಲಿನ ಕೆಂಪು ಮಣ್ಣಿನ ಎತ್ತರದ ನಾಡು ಅವರ ಕಾಫಿ ಸೀಮೆ. ಭಾರತದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ನಮ್ಮ ಕರ್ನಾಟಕದ್ದು, ನಮ್ಮಲ್ಲೂ ರೊಬಸ್ಟಾವೇ ಹೆಚ್ಚು. ಆದರೆ ಬೆಳೆಯುವ ರೀತಿ ಬೇರೆ. ನಾವು ಮರದ ನೆರಳಲ್ಲಿ, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಬೆಳೆಯುತ್ತೇವೆ. ಅವರದು ಬಹಳ ಮಟ್ಟಿಗೆ ಬಯಲು ಬಿಸಿಲಿನ ತೋಟ, ನೀರು ಕಟ್ಟಿ ಗೊಬ್ಬರ ಕೊಟ್ಟು ಎಕರೆಗೆ ನಮಗಿಂತ ಎಷ್ಟೋ ಜಾಸ್ತಿ ತೆಗೆಯುತ್ತಾರೆ. ಕರಿಮೆಣಸಿನಲ್ಲೂ ಅವರದೇ ಮೇಲುಗೈ. ಅಲ್ಲಿ ಬೆಳೆ ಹೆಚ್ಚುಕಮ್ಮಿ ಆದರೆ ಸಕಲೇಶಪುರದಲ್ಲಿ ರೇಟು ಅಲುಗಾಡುತ್ತದೆ.

ರುಚಿಯ ಬಗ್ಗೆ ಹೇಳಿ ಮೇಡಂ. ಹಾಲಿಲ್ಲದೆ ಕುಡಿದಿರಾ?

ತುಂಗಾತೀರ

ಕುಡಿದೆ ಸರ್. ಕಪ್ಪು, ಮಂದ, ತುಂಬಾ ಖಡಕ್ಕು. ಹುರಿಯುವಾಗ ಬೆಣ್ಣೆ ಸೇರಿಸುವ ಪದ್ಧತಿಯೂ ಅಲ್ಲಿದೆ, ಅದರ ವಾಸನೆ ಗೊತ್ತಾಗುತ್ತದೆ. ಚಿಕೋರಿ ಹಾಕಿದ ನಮ್ಮ ಕಾಫಿ ಕುಡಿದು ಬೆಳೆದ ನಾಲಿಗೆಗೆ ಅದು ಹೊಸದೇನೂ ಅಲ್ಲ. ಸಿಹಿ ಹಾಲು ಹಾಕಿದ್ದು ಮಾತ್ರ ಆ ಸೆಕೆಗೆ ಹೇಳಿ ಮಾಡಿಸಿದ್ದು. ಬರೀ ಅರೇಬಿಕಾ ಕುಡಿಯುವವರಿಗೆ ಇದು ಒರಟು ಅನ್ನಿಸಬಹುದು. ರೊಬಸ್ಟಾವನ್ನು ಕೀಳಾಗಿ ನೋಡುವವರು ಸೈಗಾನಿನಲ್ಲಿ ಒಂದು ಲೋಟ ಕುಡಿಯಲೇಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಡಲತಡಿ

ನಾನು ಕೆಲಸದ ಮೇಲೆ ಅಲ್ಲಿ ಕೆಲವು ವರ್ಷ ಇದ್ದವನು. ನೀವು ಬರೆದದ್ದು ಓದಿ ಖುಷಿಯಾಯಿತು. ಒಂದಷ್ಟು ಸೇರಿಸುತ್ತೇನೆ.

ಫುಟ್‌ಪಾತಿನ ಗಾಡಿಗಳಲ್ಲಿ ಈಗ ಡಿಕಾಕ್ಷನ್ ಮೊದಲೇ ಇಳಿಸಿ ಬಾಟಲಿಯಲ್ಲಿ ತಂದಿರುತ್ತಾರೆ. ಬೆಳಿಗ್ಗೆ ಆಫೀಸಿಗೆ ಓಡುವವರಿಗೆ ಹನಿ ಹನಿ ಕಾಯುವ ಪುರುಸೊತ್ತು ಇರುವುದಿಲ್ಲ. ಫಿನ್ ನೋಡಬೇಕಾದರೆ ಗಲ್ಲಿಯೊಳಗಿನ ಕೂತು ಕುಡಿಯುವ ಅಂಗಡಿಗಳಿಗೆ ಹೋಗಬೇಕು. ದೊಡ್ಡ ಚರ್ಚಿನ ಎದುರಿನ ಪಾರ್ಕಿನಲ್ಲಿ ಇನ್ನೊಂದು ರೂಢಿ ಇದೆ. ಕಾಲೇಜು ಹುಡುಗರು ನೆಲದ ಮೇಲೆ ನ್ಯೂಸ್ ಪೇಪರ್ ಹಾಸಿಕೊಂಡು ಕೂತು ಕಾಫಿ ಕುಡಿಯುತ್ತಾರೆ. ಅಲ್ಲಿ ಸ್ಟೂಲೂ ಬೇಡ.

ಊರಿನ ಜೀವ ಇರುವುದು ಗಲ್ಲಿಗಳಲ್ಲಿ. ಹೆಮ್ ಅನ್ನುತ್ತಾರೆ. ಮುಖ್ಯರಸ್ತೆಯಿಂದ ಒಂದು ಬೈಕ್ ಹೋಗುವಷ್ಟು ಸಂದು, ಅದರೊಳಗೆ ಇನ್ನೊಂದು ಸಂದು. ವಿಳಾಸದಲ್ಲಿ ನಂಬರಿನ ಮಧ್ಯೆ ಗೆರೆ ಎಳೆದು ಇನ್ನೊಂದು ನಂಬರ್, ಮತ್ತೆ ಗೆರೆ, ಮತ್ತೊಂದು ನಂಬರ್ ಇದ್ದರೆ ಆ ಮನೆ ಅಷ್ಟು ಒಳಗಿದೆ ಅಂತ ಅರ್ಥ. ಮಧ್ಯಾಹ್ನ ಹನ್ನೆರಡರಿಂದ ಒಂದೂವರೆ ತನಕ ಇಡೀ ಗಲ್ಲಿ ಮಲಗಿರುತ್ತದೆ. ನಿಲ್ಲಿಸಿದ ಬೈಕಿನ ಮೇಲೆ ಉದ್ದಕ್ಕೆ ಮಲಗಿ, ಹ್ಯಾಂಡಲ್ ಮೇಲೆ ಕಾಲು ಹಾಕಿ ನಿದ್ದೆ ಮಾಡುವ ಸವಾರರನ್ನು ನೀವೂ ನೋಡಿರಬೇಕು. ಸಂಜೆ ನಾಲ್ಕು ಕಾಲಿಗೆ ಲಾಟರಿ ಡ್ರಾ, ಅದರ ಸುತ್ತ ಒಂದು ಸಣ್ಣ ಸಂಚಲನ. ಟಿಕೆಟ್ಟಿಗೆ 10,000 ಡಾಂಗ್ (ಅಲ್ಲಿನ ದುಡ್ಡು). ಮಾರುವವರಲ್ಲಿ ವಯಸ್ಸಾದವರು, ಕಣ್ಣು ಕಾಣದವರು, ಕೈಕಾಲು ಊನವಾದವರು ಬಹಳ. ಕಾಫಿ ಕುಡಿಯುತ್ತಾ ಕೂತಿದ್ದರೆ ಅರ್ಧ ಗಂಟೆಯಲ್ಲಿ ಹತ್ತು ಜನ ಬಂದು ಟಿಕೆಟ್ ಮುಂದೆ ಹಿಡಿಯುತ್ತಾರೆ. ಬೇಡ ಅಂದರೆ ಒತ್ತಾಯ ಮಾಡುವುದಿಲ್ಲ.

ಹಳೆಯ ಮ್ಯಾಪು, ಹಳೆಯ ಪುಸ್ತಕ ಹಿಡಿದು ಹೋಗುವವರಿಗೆ ಒಂದು ಸೂಚನೆ. 2025ರ ಜುಲೈ 1ರಿಂದ ಪಕ್ಕದ ಬಿನ್ ಯುವಾಂಗ್, ಬಾ ರಿಯಾ–ವುಂಗ್ ತಾವ್ ಪ್ರಾಂತ್ಯಗಳನ್ನು ಈ ಊರಿಗೆ ಸೇರಿಸಿದ್ದಾರೆ. ಡಿಸ್ಟ್ರಿಕ್ಟ್ 1, ಡಿಸ್ಟ್ರಿಕ್ಟ್ 3 ಅನ್ನುವ ವಿಭಾಗಗಳೂ ಸರ್ಕಾರಿ ಲೆಕ್ಕದಲ್ಲಿ ಈಗ ಇಲ್ಲ. ಜನ ಮಾತ್ರ ಹಳೆಯ ನಂಬರಿನಲ್ಲೇ ದಾರಿ ಹೇಳುತ್ತಾರೆ.

ಹುಬ್ಬಳ್ಳಿ ಮಂದಿ

ಎಲ್ಲಾ ಛಲೋ ಅದರೀ. ಆದರೆ ನಮ್ಮಂಥ ಪಕ್ಕಾ ಸಸ್ಯಾಹಾರಿಗಳ ಗತಿ ಏನು? ಎಲ್ಲಿ ನೋಡಿದರೂ ಮೀನು, ಹಂದಿ ಅಂತಾರೆ. ಬರೀ ಹಣ್ಣು ತಿಂದು ಬರಬೇಕೋ, ಏನು ಕಥೆ? ಖರ್ಚಿನ ಲೆಕ್ಕವನ್ನೂ ಸ್ವಲ್ಪ ಹೇಳ್ರಿ.

ತುಂಗಾತೀರ

ನಾನೂ ಸಸ್ಯಾಹಾರಿಯೇ ರೀ, ಹೊಟ್ಟೆ ತುಂಬಾ ಉಂಡು ಬಂದೆ.

ಅಲ್ಲಿ ಬೌದ್ಧರು ಬಹಳ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಮಾಂಸ ಮುಟ್ಟದವರು ಎಷ್ಟೋ ಜನ. ಹಾಗಾಗಿ ಸಸ್ಯಾಹಾರದ ಅಂಗಡಿ ಪ್ರತಿ ಏರಿಯಾದಲ್ಲೂ ಇವೆ. ಬೋರ್ಡಿನ ಮೇಲೆ 'ಚಾಯ್' (chay) ಅಂತ ಇದ್ದರೆ ಧೈರ್ಯವಾಗಿ ಒಳಗೆ ಹೋಗಿ, ಅದು ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ. ಮೊಬೈಲಿನಲ್ಲಿ ಆ ಅಕ್ಷರದ ಫೋಟೋ ಇಟ್ಟುಕೊಂಡರೆ ಹುಡುಕುವುದು ಸುಲಭ. ಗಾಜಿನ ಪೆಟ್ಟಿಗೆಯಲ್ಲಿ ಹತ್ತಾರು ಟ್ರೇ. ತೋಫು, ಅಣಬೆ, ಬಾಳೆಹೂವು, ಎಳೆ ಹಲಸಿನಕಾಯಿ, ಹಾಗಲಕಾಯಿ, ಬಸಳೆಯಂಥ ಸೊಪ್ಪು. ಬೇಕಾದ್ದನ್ನು ಬೆರಳಲ್ಲಿ ತೋರಿಸಿದರೆ ಅನ್ನದ ಮೇಲೆ ಹಾಕಿ, ಒಂದು ಬಟ್ಟಲು ತಿಳಿಸಾರು ಕೊಡುತ್ತಾರೆ. ಕೆಲವು ತಿನಿಸು ನೋಡಲು ಥೇಟ್ ಮಾಂಸದಂತೆ ಇರುತ್ತವೆ, ಎಲ್ಲಾ ಸೋಯಾ, ಗೋಧಿಯಲ್ಲಿ ಮಾಡಿದ್ದು. ಕಟ್ಟುನಿಟ್ಟಾದ ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಅದನ್ನು ಬಿಟ್ಟವರಿಗೂ ಅನುಕೂಲ.

ಸೈಗಾನಿನವರ ಹೆಮ್ಮೆಯ ಊಟ ಕೊಮ್ ತಾಮ್. ಅದು ನುಚ್ಚಕ್ಕಿ ಅನ್ನ. ಒಂದು ಕಾಲಕ್ಕೆ ಬಡವರು ಉಣ್ಣುತ್ತಿದ್ದ ನುಚ್ಚು, ಈಗ ಎಲ್ಲರಿಗೂ ಬೇಕು. ಅದರಲ್ಲೂ ಸಸ್ಯಾಹಾರದ ಬಗೆ ಸಿಗುತ್ತದೆ.

ಎಚ್ಚರ ವಹಿಸಬೇಕಾದ್ದು ಮಾಮೂಲಿ ಅಂಗಡಿಗಳಲ್ಲಿ. ಬರೀ ತರಕಾರಿ ಅಂದರೂ ಮೀನಿನ ರಸ ಹಾಕಿರುತ್ತಾರೆ. ಫೋ ಅನ್ನುವ ಶಾವಿಗೆ ಸಾರಿನ ತಿಳಿ ಮೂಳೆ ಕುದಿಸಿ ತೆಗೆದದ್ದು. ಅಂಥ ಕಡೆ ಮಾಂಸ ತೆಗೆದುಕೊಡಿ ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಮೊಟ್ಟೆ ತಿನ್ನುವವರಾದರೆ ಬುಲ್ಸ್‌ಐ ಹಾಕಿದ ಬಾನ್ ಮಿ ಬೆಳಗಿನ ತಿಂಡಿಗೆ ಚೆನ್ನಾಗಿರುತ್ತದೆ.

ಹಣ್ಣಿನ ಮಾತು ಎತ್ತಿದಿರಲ್ಲ. ರಂಬುಟಾನ್, ಮ್ಯಾಂಗೋಸ್ಟೀನ್, ಹಲಸು, ಸೀತಾಫಲ, ಸಪೋಟ, ಚಕ್ಕೋತ ಎಲ್ಲಾ ಇವೆ. ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಹಚ್ಚಿ ಸ್ಕೂಲಿನ ಮುಂದೆ ಮಾರುತ್ತಾರೆ. ಕಬ್ಬಿನ ಹಾಲಿಗೆ ಪುಟ್ಟ ಕಿತ್ತಳೆಯಂಥ ಹುಳಿ ಹಣ್ಣು ಸೇರಿಸಿ ಅರೆಯುತ್ತಾರೆ. ಬಟರ್ ಫ್ರೂಟ್ ಜ್ಯೂಸ್ ಅಂತೂ ನಮ್ಮೂರಿನ ಜ್ಯೂಸ್ ಅಂಗಡಿಯದ್ದೇ ರುಚಿ.

ಖರ್ಚು: ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್. ಫುಟ್‌ಪಾತಿನ ಕಾಫಿ 15,000ದಿಂದ 25,000, ಚಾಯ್ ಅಂಗಡಿಯ ಊಟ 30,000ದಿಂದ 45,000. ಅಂದರೆ ನೂರೈವತ್ತು ರೂಪಾಯಿಯೊಳಗೆ ಊಟ ಮುಗಿಯುತ್ತದೆ. 20,000ದ ನೋಟು, 500,000ದ ನೋಟು ಎರಡೂ ನೀಲಿ. ಕತ್ತಲಲ್ಲಿ ದುಡ್ಡು ಕೊಡುವಾಗ ಸೊನ್ನೆ ಎಣಿಸಿ ಕೊಡಿ.

ಜಯನಗರ ನಿವಾಸಿ

ಬರಹ ಇಷ್ಟವಾಯಿತು. ಆದರೆ ಒಂದು ಮಾತಿಗೆ ನನ್ನ ತಕರಾರು ಇದೆ. ಫುಟ್‌ಪಾತ್ ತುಂಬಾ ಸ್ಟೂಲು, ಬೈಕು, ಗಾಡಿ ಇದ್ದರೆ ನಡೆಯುವವರು ಎಲ್ಲಿ ಹೋಗಬೇಕು? ನನ್ನ ತಾಯಿ ವಾಕರ್ ಹಿಡಿದು ನಡೆಯುತ್ತಾರೆ. ಬೆಂಗಳೂರಿನಲ್ಲಿ ಅವರನ್ನು ಮನೆ ಮುಂದಿನ ಪಾರ್ಕಿಗೆ ಕರೆದುಕೊಂಡು ಹೋಗಬೇಕಾದರೆ ರಸ್ತೆಗೇ ಇಳಿಯಬೇಕು. ಪ್ರವಾಸಿಯ ಕಣ್ಣಿಗೆ ಚೆಂದ ಕಾಣುವುದು ಆ ಊರಿನ ಮುದುಕರಿಗೆ, ಗಾಲಿಕುರ್ಚಿಯವರಿಗೆ ಹಿಂಸೆ ಆಗಿರಬಹುದು ಅಲ್ವಾ?

ಕಡಲತಡಿ

ನಿಮ್ಮ ಮಾತು ಸರಿ, ಈ ಜಗಳ ಅಲ್ಲೂ ಇದೆ. 2017ರಲ್ಲಿ ಡಿಸ್ಟ್ರಿಕ್ಟ್ 1ರ ಉಪಾಧ್ಯಕ್ಷರಾಗಿದ್ದ ದೊವಾನ್ ಙೊಕ್ ಹಾಯ್ ತಾವೇ ಬೀದಿಗಿಳಿದು ಫುಟ್‌ಪಾತ್ ತೆರವು ಮಾಡಿಸಿದರು. ಮೆಟ್ಟಿಲು ಒಡೆಸಿದರು, ಕಾರುಗಳನ್ನು ಎಳೆಸಿದರು, ಗಾಡಿ ಎತ್ತಿಸಿದರು. ಈ ಭಾಗವನ್ನು ಪುಟ್ಟ ಸಿಂಗಾಪುರ ಮಾಡುತ್ತೇನೆ ಅಂತ ಹೊರಟಿದ್ದರು. ಜನರಲ್ಲಿ ಚಪ್ಪಾಳೆ ತಟ್ಟಿದವರೂ ಇದ್ದರು, ಹೊಟ್ಟೆಪಾಡು ಹೋಯಿತು ಅಂತ ಅತ್ತವರೂ ಇದ್ದರು. ತೆರವು ತಂಡ ಆ ಕಡೆ ಹೋದಮೇಲೆ ಸ್ಟೂಲುಗಳು ಮತ್ತೆ ಬಂದವು.

2024ರಿಂದ ಬೇರೆ ದಾರಿ ಹಿಡಿದಿದ್ದಾರೆ. ಅಗಲ ಇರುವ ಫುಟ್‌ಪಾತಿನಲ್ಲಿ ನಡೆಯುವವರಿಗೆ ಜಾಗ ಬಿಟ್ಟು, ಉಳಿದ ಕಡೆ ಗೆರೆ ಎಳೆದು ಬಾಡಿಗೆ ವಸೂಲಿ ಮಾಡುವ ಕ್ರಮ. ಎಲ್ಲಾ ರಸ್ತೆಗೂ ಅದು ಬಂದಿಲ್ಲ. ಗೆರೆ ಇರುವ ಕಡೆ ನಡೆಯಲು ಪರವಾಗಿಲ್ಲ.

ತುಂಗಾತೀರ

ಜಯನಗರದವರೇ, ನಿಮ್ಮ ತಾಯಿಯ ಮಾತು ಓದಿ ಬಹಳ ಹೊತ್ತು ಯೋಚಿಸಿದೆ. ವಾಕರ್ ಹಿಡಿದವರಿಗೆ ಸೈಗಾನಿನ ಹಳೆಯ ರಸ್ತೆಗಳು ಕಷ್ಟವೇ. ಫುಟ್‌ಪಾತಿನ ಮೇಲೆ ನುಗ್ಗಿಸುವ ಬೈಕುಗಳು ನನಗೂ ಇಷ್ಟವಾಗಲಿಲ್ಲ. ಅದನ್ನು ತಡೆಯಲೇಬೇಕು. ಆದರೆ ಸ್ಟೂಲು, ಗಾಡಿಯವರನ್ನು ಬೈಕಿನವರ ಜೊತೆ ಒಂದೇ ತಕ್ಕಡಿಗೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ರಾತ್ರಿ ಹನ್ನೊಂದಕ್ಕೆ ನಾನು ಹೆದರದೆ ನಡೆದದ್ದು ಅವರ ದೀಪದ ಬೆಳಕಿನಲ್ಲಿ. ನಮ್ಮಲ್ಲೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದನ್ನೇ ಹೇಳುತ್ತದೆ. ಗುರುತಿನ ಚೀಟಿ ಕೊಡಿ, ವ್ಯಾಪಾರದ ವಲಯ ಗುರುತಿಸಿ, ನಡೆಯುವವರಿಗೂ ದಾರಿ ಇರಲಿ ಅಂತ. ಗೆರೆ ಎಳೆದು ಇಬ್ಬರಿಗೂ ಜಾಗ ಕೊಡುವುದು ಸಾಧ್ಯ ಇದೆ. ಇಡೀ ಫುಟ್‌ಪಾತ್ ಗುಡಿಸಿ ಖಾಲಿ ಮಾಡಿದರೆ ಮಾರನೇ ದಿನ ಅಲ್ಲಿ ಕಾರು ಬಂದು ನಿಲ್ಲುತ್ತದೆ, ಅದನ್ನು ನೀವೂ ನೋಡಿದ್ದೀರಿ.

ಜಯನಗರ ನಿವಾಸಿ

ಗೆರೆಯ ಮಾತು ಒಪ್ಪುತ್ತೇನೆ. ಗೆರೆ ದಾಟಿದವರನ್ನು ಕೇಳುವವರು ಇರಬೇಕು, ಅಷ್ಟೇ.

ಇನ್ನೊಂದು ಪ್ರಶ್ನೆ. ಅಲ್ಲಿ ಒಂದು ಕೊಳಚೆ ಕಾಲುವೆಯನ್ನು ಸರಿ ಮಾಡಿದ್ದಾರೆ ಅಂತ ಕೇಳಿದ್ದೆ. ನಮ್ಮ ರಾಜಕಾಲುವೆಗಳ ಗತಿ ನೋಡಿ ಸಾಕಾಗಿದೆ. ನೀವು ಆ ಕಡೆ ಹೋಗಿದ್ದಿರಾ?

ತುಂಗಾತೀರ

ಹೋಗಿದ್ದೆ, ಸಂಜೆ ನಡೆಯಲು ಅದೇ ನನ್ನ ಮೆಚ್ಚಿನ ಜಾಗ. ನ್ಯೆವ್ ಲೊಕ್–ಥಿ ಙೆ ಅಂತ ಹೆಸರು, ಸುಮಾರು 9 ಕಿಲೋಮೀಟರ್ ಉದ್ದ. ಎರಡೂ ದಡದಲ್ಲಿ ರಸ್ತೆ, ಮರ, ಕೂರುವ ಕಲ್ಲು. ಸಂಜೆ ಐದಕ್ಕೆ ಹೆಂಗಸರು ಗುಂಪಾಗಿ ಹಾಡು ಹಾಕಿಕೊಂಡು ವ್ಯಾಯಾಮ ಮಾಡುತ್ತಾರೆ. ಅಜ್ಜಂದಿರು ಕಂಬಿ ಹಿಡಿದು ಕೈಕಾಲು ಬೀಸುತ್ತಾರೆ. ಹುಡುಗರು ಗರಿ ಕಟ್ಟಿದ ಶಟಲ್ ಕಾಕನ್ನು ಕಾಲಲ್ಲೇ ಒದ್ದು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಎಷ್ಟು ಹೊತ್ತಾದರೂ ನೆಲಕ್ಕೆ ಬೀಳಿಸುವುದಿಲ್ಲ. ಒಬ್ಬರೇ ನಿಂತು ನೋಡಿದರೆ ಬಾ ಅಂತ ಕೈ ಬೀಸಿ ಕರೆಯುತ್ತಾರೆ.

ಕಡಲತಡಿ

ಹಿಂದೆ ಅದು ಕಪ್ಪು ನೀರಿನ ಮೋರಿ ಅಂತ ಅಲ್ಲಿನ ಹಿರಿಯರು ಹೇಳುತ್ತಿದ್ದರು. ದಡದ ಉದ್ದಕ್ಕೂ ಕಂಬದ ಮೇಲೆ ಗುಡಿಸಲು. ವಿಶ್ವಬ್ಯಾಂಕಿನ ಸಾಲದಲ್ಲಿ ದೊಡ್ಡ ಕೆಲಸ ನಡೆದು 2012ರಲ್ಲಿ ಮುಗಿಯಿತು. ಮುಖ್ಯವಾದದ್ದು ನೆಲದಡಿಯ ದೊಡ್ಡ ಪೈಪು. ಮನೆಗಳ ಕೊಳಚೆ ಕಾಲುವೆಗೆ ಬೀಳದೆ ಪೈಪಿಗೆ ಬೀಳುವ ಹಾಗೆ ಮಾಡಿದರು. ಮೇಲೆ ಹೂವಿನ ಕುಂಡ ಇಡುವುದು ಆಮೇಲಿನ ಮಾತು. ಇದಕ್ಕಾಗಿ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದರು ಅನ್ನುವುದನ್ನೂ ಹೇಳಬೇಕು. ಇವತ್ತಿಗೂ ಮೊದಲ ಮಳೆ ಬಿದ್ದಾಗ ರಸ್ತೆಯ ಕೊಳೆಯೆಲ್ಲ ಇಳಿದು ಮೀನು ಸಾಯುವುದುಂಟು. ಆದರೂ ದಡದಲ್ಲಿ ಮೂಗು ಮುಚ್ಚದೆ ನಡೆಯಬಹುದು.

ಪುಟ್ಟಕ್ಕ ದಾವಣಗೆರೆ

ಅಕ್ಕ, ನನಗೆ ಇಪ್ಪತ್ತಾರು. ಇದುವರೆಗೆ ಒಬ್ಬಳೇ ಬೆಂಗಳೂರು ಬಿಟ್ಟು ಎಲ್ಲಿಗೂ ಹೋಗಿಲ್ಲ. ದುಡ್ಡು ಕೂಡಿಸಿಟ್ಟಿದ್ದೇನೆ, ಮನೆಯಲ್ಲಿ ಒಪ್ಪಿಸುವುದೊಂದು ಬಾಕಿ. ರಾತ್ರಿ ಓಡಾಡಬಹುದಾ? ಎಲ್ಲಿ ಉಳಿಯಲಿ? ಮೊಬೈಲ್ ಕಿತ್ತುಕೊಂಡು ಹೋಗುತ್ತಾರೆ ಅಂತ ಓದಿ ಭಯ ಆಗಿದೆ.

ತುಂಗಾತೀರ

ಪುಟ್ಟಕ್ಕ, ಹೋಗಮ್ಮಾ, ಖಂಡಿತ ಹೋಗು.

ಮೈಮೇಲೆ ಬೀಳುವುದು, ಹಿಂಬಾಲಿಸುವುದು, ಕೆಟ್ಟ ಮಾತು ಇಂಥದ್ದು ನನಗೆ ಅಲ್ಲಿ ಆಗಲಿಲ್ಲ. ಹೆಂಗಸರು ಎಲ್ಲಾ ಕಡೆ ದುಡಿಯುತ್ತಾರೆ. ರಾತ್ರಿ ಅಂಗಡಿ ನಡೆಸುವವರು ಅವರೇ, ಬೈಕಿನಲ್ಲಿ ಒಬ್ಬರೇ ಮನೆಗೆ ಹೋಗುವವರೂ ಅವರೇ. ಅದನ್ನು ನೋಡಿದರೇ ಅರ್ಧ ಧೈರ್ಯ ಬರುತ್ತದೆ.

ಮೊಬೈಲ್ ಕಳ್ಳತನ ಮಾತ್ರ ನಿಜ. ಬೈಕಿನಲ್ಲಿ ಇಬ್ಬರು ಬಂದು ಕೈಯಿಂದ ಎಗರಿಸಿಕೊಂಡು ಹೋಗುತ್ತಾರೆ. ರಸ್ತೆ ಅಂಚಿನಲ್ಲಿ ನಿಂತು ಮ್ಯಾಪ್ ನೋಡಬೇಡ, ಅಂಗಡಿಯೊಳಗೆ ಎರಡು ಹೆಜ್ಜೆ ಹೋಗಿ ನೋಡು, ಯಾರೂ ಬೇಡ ಅನ್ನುವುದಿಲ್ಲ. ಬ್ಯಾಗನ್ನು ಗೋಡೆಯ ಕಡೆಯ ಹೆಗಲಿಗೆ ಅಡ್ಡಡ್ಡ ಹಾಕಿಕೋ. ಬೈಕಿನ ಹಿಂದೆ ಕೂತಾಗ ಫೋನ್ ಒಳಗಿರಲಿ. ವಿಮಾನ ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಬಾ ಬಾ ಅಂತ ಕರೆಯುವ ಕಾರಿನವರ ಹಿಂದೆ ಹೋಗಬೇಡ. ನನ್ನ ಪಕ್ಕದ ರೂಮಿನ ಹುಡುಗಿಗೆ ಒಬ್ಬ ಮೀಟರಿನ ಮೂರು ಪಟ್ಟು ಕೇಳಿದ್ದ. 109 ನಂಬರಿನ ಬಸ್ಸು ಅಲ್ಲಿಂದ ಊರ ಮಧ್ಯಕ್ಕೆ ಬರುತ್ತದೆ, ಕಡಿಮೆ ದುಡ್ಡು.

ಉಳಿಯುವುದಕ್ಕೆ ಬುಯಿ ವಿಯೆನ್ ರಸ್ತೆ ಬೇಡ. ಸಂಜೆಯಾದರೆ ಎರಡೂ ಕಡೆ ಬಾರು, ಕಿವಿ ಕಿತ್ತುಹೋಗುವ ಸ್ಪೀಕರ್, ನಿದ್ದೆ ಬರುವುದಿಲ್ಲ. ತಾವ್ ದಾನ್ ಪಾರ್ಕಿನ ಆಸುಪಾಸಿನ ಗಲ್ಲಿಗಳಲ್ಲಿ ಹೆಂಗಸರೇ ನಡೆಸುವ ಸಣ್ಣ ಮನೆಗಳು ಸಿಗುತ್ತವೆ. ಬೆಳಿಗ್ಗೆ ಆ ಪಾರ್ಕಿಗೆ ಹೋದರೆ ಹಕ್ಕಿ ಸಾಕುವವರು ಪಂಜರ ತಂದು ಸಾಲಾಗಿ ನೇತುಹಾಕಿ, ಹಕ್ಕಿ ಹಾಡುವುದನ್ನು ಕೇಳುತ್ತಾ ಕಾಫಿ ಕುಡಿಯುತ್ತಾರೆ. ಪಂಜರದ ಹಕ್ಕಿ ನೋಡಲು ನನಗೆ ಇಷ್ಟವಿಲ್ಲ, ಆದರೂ ಆ ಬೆಳಗಿನ ಹೊತ್ತು ಚೆನ್ನಾಗಿರುತ್ತದೆ.

ಮನೆಯವರಿಗೆ ದಿನಾ ಸಂಜೆ ಒಂದು ವಿಡಿಯೋ ಕಾಲ್ ಮಾಡುತ್ತೇನೆ ಅಂತ ಮಾತು ಕೊಡು. ಸಿಮ್ ಅಲ್ಲಿ ಅಗ್ಗ.

ನಿವೃತ್ತ ಮೇಷ್ಟ್ರು

1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು ಅಂತ ರೇಡಿಯೋದಲ್ಲಿ ಕೇಳಿದ್ದು ನೆನಪಿದೆ. ಆಗ ನಾನು ಕಾಲೇಜಿನಲ್ಲಿದ್ದೆ. ನೀವೆಲ್ಲ ಕಾಫಿ, ಊಟದ ಬಗ್ಗೆ ಬರೆದಿದ್ದೀರಿ, ಸಂತೋಷ. ಆ ಯುದ್ಧದ ಗುರುತು ಈಗ ಊರಲ್ಲಿ ಎಲ್ಲಾದರೂ ಕಾಣುತ್ತದೆಯೇ?

ತುಂಗಾತೀರ

ಕಾಣುತ್ತದೆ ಮೇಷ್ಟ್ರೇ. ಆ ದಿನ ಉತ್ತರ ವಿಯೆಟ್ನಾಮಿನ ಟ್ಯಾಂಕುಗಳು ಗೇಟು ಮುರಿದು ನುಗ್ಗಿದ, ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷರ ಅರಮನೆ ಹಾಗೇ ಇದೆ. ಅದೇ ಬಗೆಯ ಎರಡು ಟ್ಯಾಂಕುಗಳನ್ನು ಅಂಗಳದಲ್ಲಿ ನಿಲ್ಲಿಸಿದ್ದಾರೆ, ನಂಬರ್ 390 ಮತ್ತು 843. ಕಟ್ಟಡ 1966ರಲ್ಲಿ ಮುಗಿದದ್ದು, ಙೊ ವಿಯೆಟ್ ಥು ಅನ್ನುವ ವಿಯೆಟ್ನಾಮಿನ ವಾಸ್ತುಶಿಲ್ಪಿಯ ಕೆಲಸ. ಗಾಳಿ, ಬೆಳಕು ಧಾರಾಳ. ನೆಲಮಾಳಿಗೆಗೆ ಇಳಿದರೆ ಉಸಿರು ಕಟ್ಟುತ್ತದೆ. ಕಾಂಕ್ರೀಟಿನ ಇಕ್ಕಟ್ಟು ಓಣಿ, ಗೋಡೆ ತುಂಬಾ ಯುದ್ಧದ ನಕ್ಷೆ, ಕಬ್ಬಿಣದ ಮೇಜಿನ ಮೇಲೆ ಸಾಲು ಟೆಲಿಫೋನು.

ಯುದ್ಧದ ಮ್ಯೂಸಿಯಂ ಇನ್ನೂ ಕಷ್ಟ. ಒಂದು ಕೋಣೆಯಲ್ಲಿ ಬರೀ ಆ ಯುದ್ಧದಲ್ಲಿ ಸತ್ತ ಫೋಟೋಗ್ರಾಫರ್‌ಗಳು ತೆಗೆದ ಚಿತ್ರಗಳು, ಎರಡೂ ಕಡೆಯವರದ್ದು. ಇನ್ನೊಂದರಲ್ಲಿ ಏಜೆಂಟ್ ಆರೆಂಜ್ ಅನ್ನುವ ವಿಷ ಸಿಂಪಡಿಸಿದ್ದರಿಂದ ತಲೆಮಾರುಗಳ ತನಕ ಊನವಾಗಿ ಹುಟ್ಟಿದ ಮಕ್ಕಳ ಚಿತ್ರ. ಅಲ್ಲಿ ಯಾರೂ ಮಾತಾಡುವುದಿಲ್ಲ. ಒಬ್ಬರೇ ಹೋಗುವವರು ಬೆಳಿಗ್ಗೆ ಹೋಗಿ ಬನ್ನಿ, ಆ ಮಧ್ಯಾಹ್ನಕ್ಕೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಹೊರಗೆ ಬಂದು ಫುಟ್‌ಪಾತಿನಲ್ಲಿ ಕೂತಾಗ ಎದುರಿಗೆ ಟೀ ಕುಡಿಯುತ್ತಿದ್ದ ಮುದುಕರ ವಯಸ್ಸಿನ ಲೆಕ್ಕ ಹಾಕಿದೆ. ಅವರು ಆಗ ಹರೆಯದವರು. ಏನು ನೋಡಿದ್ದರೋ, ಯಾವ ಕಡೆ ಇದ್ದರೋ, ಕೇಳುವ ಧೈರ್ಯ ಬರಲಿಲ್ಲ.

ಇನ್ನು ನಿಮಗೆ ಇಷ್ಟವಾಗುವ ಜಾಗ ಅಲ್ಲಿನ ದೊಡ್ಡ ಪೋಸ್ಟ್ ಆಫೀಸು. 1891ರಲ್ಲಿ ಮುಗಿದ ಫ್ರೆಂಚ್ ಕಾಲದ ಕಟ್ಟಡ, ಇವತ್ತಿಗೂ ಕಾಗದ ಹಾಕಬಹುದು. ಯುವಾಂಗ್ ವಾನ್ ಙೊ ಅನ್ನುವ ಹಿರಿಯರು ದಶಕಗಳ ಕಾಲ ಅಲ್ಲೇ ಮೇಜು ಹಾಕಿಕೊಂಡು, ಬೇರೆ ಭಾಷೆ ಬಾರದವರಿಗೆ ಫ್ರೆಂಚ್, ಇಂಗ್ಲಿಷಿನಲ್ಲಿ ಪತ್ರ ಬರೆದುಕೊಡುತ್ತಿದ್ದರಂತೆ. ನಾನು ಅಲ್ಲಿಂದ ಅಮ್ಮನಿಗೆ ಕಾರ್ಡು ಹಾಕಿದೆ, ಬಂದು ತಲುಪಿತು.

ಕೋಲಾರದ ಹುಡುಗ

ಅಲ್ಲಿ ಮಾರಿಯಮ್ಮನ ಗುಡಿ ಇದೆಯಂತೆ, ನಿಜವಾ?

ಕಡಲತಡಿ

ಇದೆ. ಬೆನ್ ಥಾನ್ ಮಾರ್ಕೆಟ್ಟಿನಿಂದ ಐದು ನಿಮಿಷ, ಟ್ರುವಾಂಗ್ ದಿನ್ ರಸ್ತೆ. ಫ್ರೆಂಚರ ಕಾಲದಲ್ಲಿ ವ್ಯಾಪಾರ, ಲೇವಾದೇವಿಗೆ ಹೋಗಿದ್ದ ತಮಿಳರು ಹತ್ತೊಂಬತ್ತನೇ ಶತಮಾನದ ಕೊನೆಗೆ ಕಟ್ಟಿದ್ದು. 1975ರ ನಂತರ ಬಹುತೇಕ ತಮಿಳರು ಊರು ಬಿಟ್ಟರು. ಗುಡಿ ಮಾತ್ರ ಉಳಿಯಿತು. ಈಗ ಬರುವ ಭಕ್ತರಲ್ಲಿ ವಿಯೆಟ್ನಾಮಿನವರು, ಚೀನೀ ಮೂಲದವರೇ ಜಾಸ್ತಿ. ಊದುಬತ್ತಿ ಹಚ್ಚುತ್ತಾರೆ, ಗರ್ಭಗುಡಿಯ ಹಿಂದಿನ ಕಲ್ಲಿನ ಗೋಡೆಗೆ ಹಣೆ ಒತ್ತಿ, ಅಂಗೈ ಊರಿ ಬೇಡಿಕೊಳ್ಳುತ್ತಾರೆ. ಅದೇ ಸುತ್ತಮುತ್ತಲಲ್ಲಿ ದಕ್ಷಿಣ ಭಾರತದ ಮುಸ್ಲಿಮರು 1935ರಲ್ಲಿ ಕಟ್ಟಿದ ಮಸೀದಿಯೂ ಇದೆ, ತಿಳಿ ಬಣ್ಣದ ಚೆಂದದ ಕಟ್ಟಡ.

ತುಂಗಾತೀರ

ಆ ಗೋಡೆಯ ಹತ್ತಿರ ನಾನೂ ನಿಂತಿದ್ದೆ. ಪಕ್ಕದಲ್ಲಿ ಆಫೀಸಿನ ಯೂನಿಫಾರಂ ಹಾಕಿದ್ದ ಒಬ್ಬ ಹುಡುಗಿ ಕಣ್ಣುಮುಚ್ಚಿ ಏನನ್ನೋ ಬಹಳ ಹೊತ್ತು ಹೇಳಿಕೊಳ್ಳುತ್ತಿದ್ದಳು. ಅವಳ ಭಾಷೆ ನನಗೆ ಬಾರದು, ಆದರೆ ಹರಕೆ ಅನ್ನುವುದು ತಿಳಿಯುತ್ತಿತ್ತು. ಆ ಕಡೆ ಹೋದವರು ಚೋಲೊನ್ ಅನ್ನುವ ಚೀನೀ ಪೇಟೆಯ ಥಿಯೆನ್ ಹಾವ್ ಗುಡಿಯನ್ನೂ ನೋಡಿ. ಸುರುಳಿ ಸುರುಳಿಯಾದ ದೊಡ್ಡ ಊದುಬತ್ತಿಗಳನ್ನು ಸೂರಿನಿಂದ ಇಳಿಬಿಟ್ಟಿರುತ್ತಾರೆ. ಸಮುದ್ರದಲ್ಲಿ ಕಾಪಾಡುವ ದೇವಿ ಆಕೆ.

ಹುಬ್ಬಳ್ಳಿ ಮಂದಿ

ಮನೆಯವರಿಗೆಲ್ಲ ಇದನ್ನು ಓದಿ ಹೇಳಿದೆ. ನಾನು ಹೋಗೋದು ಗ್ಯಾರಂಟಿ ಆತು. ಯಾವ ತಿಂಗಳು ಹೋಗಲಿ? ಮೆಟ್ರೋ ಆಗೇತಿ ಅಂತಾರಲ್ಲ?

ಕಡಲತಡಿ

ಮೆಟ್ರೋ ಮೊದಲ ಲೈನು 2024ರ ಡಿಸೆಂಬರ್ 22ರಂದು ಶುರುವಾಯಿತು. ಬೆನ್ ಥಾನ್‌ನಿಂದ ಸುವೊಯ್ ತಿಯೆನ್ ತನಕ 19.7 ಕಿಲೋಮೀಟರ್, 14 ಸ್ಟೇಷನ್. 2012ರಲ್ಲಿ ಕೆಲಸ ಶುರುವಾಗಿ ಜನ ಕಾದು ಕಾದು ಸುಸ್ತಾಗಿದ್ದರು. ಮೊದಲ ಮೂರು ಸ್ಟೇಷನ್ ನೆಲದಡಿ, ಆಮೇಲೆ ಮೇಲಕ್ಕೆ ಬಂದು ಹೊಳೆಯ ಪಕ್ಕದ ಎತ್ತರದ ಕಟ್ಟಡಗಳ ನಡುವೆ ಹೋಗುತ್ತದೆ. ಸುಮ್ನೆ ಕೂತು ಹೋಗಿ ಬನ್ನಿ. ಬಾಕ್ ದಾಂಗ್ ಕಟ್ಟೆಯಿಂದ ಹೊರಡುವ ದೋಣಿ ಬಸ್ಸನ್ನೂ ಬಿಡಬೇಡಿ, 15,000 ಡಾಂಗಿಗೆ ಸೈಗಾನ್ ಹೊಳೆಯ ಮೇಲೆ ಹೋಗಬಹುದು. ಸೂರ್ಯ ಮುಳುಗುವ ಹೊತ್ತಿನ ಟಿಕೆಟ್ ಬೇಗ ಮುಗಿಯುತ್ತದೆ, ಮೊದಲೇ ತೆಗೆದುಕೊಳ್ಳಿ.

ತುಂಗಾತೀರ

ಡಿಸೆಂಬರ್, ಜನವರಿ ಒಳ್ಳೆಯದು ರೀ. ಮಳೆ ಇರಲ್ಲ, ಸೆಕೆ ಸ್ವಲ್ಪ ಕಡಿಮೆ. ಏಪ್ರಿಲ್ ಬೇಡವೇ ಬೇಡ, ಸುಡುತ್ತದೆ. ಮೇ ತಿಂಗಳಿಂದ ನವೆಂಬರ್ ತನಕ ಮಳೆಗಾಲ. ಅದೂ ನಮ್ಮ ಮಲೆನಾಡಿನ ಜಡಿಮಳೆ ಅಲ್ಲ, ಮಧ್ಯಾಹ್ನದ ಮೇಲೆ ಧೋ ಅಂತ ಸುರಿದು ಒಂದು ಗಂಟೆಯಲ್ಲಿ ನಿಂತುಬಿಡುತ್ತದೆ. ಅವರ ಹೊಸವರ್ಷ ತೆತ್ ಜನವರಿ ಕೊನೆ ಇಲ್ಲವೇ ಫೆಬ್ರವರಿಯಲ್ಲಿ ಬರುತ್ತದೆ. ಹೂವಿನ ಬೀದಿ ನೋಡಲು ಚೆಂದ, ಆದರೆ ಗಲ್ಲಿಯ ಅಂಗಡಿಗಳು ಮುಚ್ಚಿ ಎಲ್ಲರೂ ಊರಿಗೆ ಹೋಗಿರುತ್ತಾರೆ. ಮೊದಲ ಸಲ ಹೋಗುವವರು ಆ ವಾರ ತಪ್ಪಿಸಿ.

ವೀಸಾ ಆನ್‌ಲೈನಿನಲ್ಲೇ ಆಗುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, 90 ದಿನದ ತನಕ ಇರಬಹುದು. ಸರ್ಕಾರದ ಸೈಟಿನಂತೆಯೇ ಕಾಣುವ ಏಜೆಂಟರ ಸೈಟುಗಳಿವೆ, ಅವು ದುಪ್ಪಟ್ಟು ಕೇಳುತ್ತವೆ, ವಿಳಾಸ ನೋಡಿಕೊಂಡು ತುಂಬಿ. ನಮ್ಮ ಕಡೆಯವರು ಒಂದು ವಿಷಯ ಗಮನಿಸಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಬರೆದಿದ್ದರೆ ವೀಸಾ ಫಾರಮ್ಮಿನಲ್ಲೂ, ವಿಮಾನದ ಟಿಕೆಟ್ಟಿನಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇರಬೇಕು. ಪುಟ್ಟಕ್ಕ, ನೀನೂ ಟಿಕೆಟ್ ತೆಗೆಯುವ ಮೊದಲು ಇದನ್ನು ನೋಡಿಕೋ. ಮನೆಯಲ್ಲಿ ಒಪ್ಪಿದರೆ ಇಲ್ಲೇ ಬರೆ, ನಾನು ಉಳಿದುಕೊಂಡಿದ್ದ ಮನೆಯ ವಿವರ ಕಳಿಸುತ್ತೇನೆ.